ಜರ್ಮನ್ ಭಾಷೆಯಲ್ಲಿ ‘ಎಲ್ಲಿಗೆ’ ಎಂಬುದನ್ನು ಹೇಳುವ ಬಗೆ

ಊರಿಗೆ, ಬ್ಯಾಂಕಿಗೆ, ಸಮುದ್ರಕ್ಕೆ, ಮನೆಗೆ ಎಂದು ಕನ್ನಡದಲ್ಲಿ ಚತುರ್ಥಿ ವಿಭಕ್ತಿಯೊಂದರಿಂದಲೇ ಹೇಳುವುದನ್ನು ಜರ್ಮನ್ ಭಾಷೆಯು ಮುಖ್ಯವಾಗಿ ನಾಖ್, ತ್ಸೂ, ಇನ್, ಆನ್, ಔಫ್ ಎಂಬ ಐದು ಪದಗಳಿಗೆ ಹಂಚಿಕೊಟ್ಟಿದೆ. ಹೋಗುವ ಜಾಗ ಎಂಥದು, ಅಲ್ಲಿಗೆ ಹೋಗಿ ಒಳಹೊಗುತ್ತೇವೆಯೋ ಅಥವಾ ಅದರವರೆಗೆ ಮಾತ್ರ ಹೋಗುತ್ತೇವೆಯೋ ಎಂಬುದರ ಮೇಲೆ ಪದದ ಆಯ್ಕೆ ನಿಂತಿದೆ.

ಹೆಸರಿಗೆ ಮೊದಲು ಆರ್ಟಿಕಲ್ (ಇಂಗ್ಲಿಷಿನ ‘ದಿ’ಯಂಥ ‘ದೇರ್, ದೀ, ದಾಸ್’ ಪದಗಳು) ಬಾರದ ಊರು, ದೇಶ, ಖಂಡಗಳಿಗೆ ‘ನಾಖ್’ ಬರುತ್ತದೆ: ನಾಖ್ ಬರ್ಲೀನ್, ನಾಖ್ ಇಂಡಿಯೆನ್. ಆರ್ಟಿಕಲ್ ಇರುವ ದೇಶಗಳು ಕೆಲವೇ ಆದರೂ ಜರ್ಮನಿಯಲ್ಲಿರುವವರಿಗೆ ಅವು ಪದೇಪದೇ ಎದುರಾಗುತ್ತವೆ. ಸ್ವಿಟ್ಜರ್ಲೆಂಡಿಗೆ ಹೋಗುವಾಗ ‘ಇನ್ ದೀ ಶ್ವೈತ್ಸ್’, ನೆದರ್ಲೆಂಡ್ಸಿಗೆ ಹೋಗುವಾಗ ‘ಇನ್ ದೀ ನೀಡರ್‌ಲಾಂಡೆ’ ಎನ್ನಬೇಕು. ‘ನಾಖ್ ಹೌಜೆ’ ಎಂದರೆ ಮನೆಗೆ, ‘ತ್ಸೂ ಹೌಜೆ’ ಎಂದರೆ ಮನೆಯಲ್ಲಿ. ಈ ಜೋಡಿಯನ್ನು ನಿಯಮ ಹುಡುಕದೆ ಹಾಗೆಯೇ ಬಾಯಿಪಾಠ ಮಾಡುವುದು ಒಳ್ಳೆಯದು.

ವ್ಯಕ್ತಿಗಳ ಬಳಿಗೆ ಹೋಗುವುದಕ್ಕೆ ‘ತ್ಸೂ’ ಬೇಕು. ನಾವೂ ‘ಡಾಕ್ಟರ ಹತ್ತಿರ ಹೋಗುತ್ತೇನೆ’ ಎಂದು ಬೇರೆಯಾಗಿಯೇ ಹೇಳುವುದರಿಂದ ‘ತ್ಸುಮ್ ಆರ್ತ್ಸ್ಟ್’ (‘ತ್ಸೂ’ ಮತ್ತು ಆರ್ಟಿಕಲ್ ಕೂಡಿ ‘ತ್ಸುಮ್’ ಅಥವಾ ‘ತ್ಸೂರ್’ ಆಗುತ್ತದೆ) ಎಂಬುದು ಕನ್ನಡಿಗರಿಗೆ ಕಷ್ಟವಾಗಬಾರದು. ಕಚೇರಿ, ನಿಲ್ದಾಣ, ಅಂಗಡಿಗಳಿಗೂ ಇದೇ ಪದ: ವೀಸಾ ಕೆಲಸಕ್ಕೆ ವಿದೇಶಿಯರ ಕಚೇರಿಗೆ ಹೋಗುವವರು ‘ತ್ಸೂರ್ ಔಸ್ಲೆಂಡರ್‌ಬೆಹೋರ್ಡೆ’ ಎನ್ನುತ್ತಾರೆ, ದಾರಿ ಕೇಳುವವರು ‘ವೀ ಕೊಮ್ಮೆ ಇಷ್ ತ್ಸುಮ್ ಬಾನ್‌ಹೋಫ್?’ (ನಿಲ್ದಾಣಕ್ಕೆ ಹೋಗುವುದು ಹೇಗೆ?) ಎಂದು ಕೇಳುತ್ತಾರೆ. ಪಶ್ಚಿಮ ಜರ್ಮನಿಯ ರೂರ್ ಪ್ರದೇಶದ ಆಡುಮಾತಿನಲ್ಲಿ, ಆಲ್ಡಿ ಎಂಬ ದಿನಸಿ ಅಂಗಡಿಗೆ ಹೋಗುವುದಕ್ಕೆ ‘ನಾಖ್ ಆಲ್ಡಿ’ ಎಂಬ ಬಳಕೆ ಕಿವಿಗೆ ಬೀಳಬಹುದು. ಶಿಷ್ಟ ಭಾಷೆಯಲ್ಲಿ ಅದು ‘ತ್ಸೂ ಆಲ್ಡಿ’, ಪರೀಕ್ಷೆಯಲ್ಲಿಯೂ ಹಾಗೆಯೇ ಬರೆಯಬೇಕು.

ಕಟ್ಟಡದ ಅಥವಾ ಆವರಣದ ಒಳಗೆ ಹೋಗಿ ಅಲ್ಲಿ ಸ್ವಲ್ಪ ಹೊತ್ತು ಇರುವುದು ಮುಖ್ಯವಾದಾಗ ‘ಇನ್’ ಬಳಕೆಯಾಗುತ್ತದೆ. ಸಿನಿಮಾ ನೋಡಲು ಹೋಗುವವರು ‘ಇನ್ಸ್ ಕೀನೋ’ ಎನ್ನುತ್ತಾರೆ (‘ಇನ್’ ಮತ್ತು ‘ದಾಸ್’ ಕೂಡಿ ‘ಇನ್ಸ್’). ಗೆಳೆಯರನ್ನು ಚಿತ್ರಮಂದಿರದ ಮುಂದೆ ಭೇಟಿಯಾಗಲು ಅಲ್ಲಿಯವರೆಗೆ ಹೋಗುವುದಾದರೆ ‘ತ್ಸುಮ್ ಕೀನೋ’ ಹೆಚ್ಚು ಸರಿ.

ಕನ್ನಡಿಗರು ಬಹಳ ಎಚ್ಚರದಿಂದ ಗಮನಿಸಬೇಕಾದದ್ದು ವಿಭಕ್ತಿಯನ್ನು. ‘ನಾಖ್’ ಮತ್ತು ‘ತ್ಸೂ’ ಯಾವಾಗಲೂ ಡಾಟಿವ್ ಎಂಬ ಚತುರ್ಥಿಯನ್ನೇ ಬಯಸುವುದರಿಂದ, ನಮ್ಮ ‘ಗೆ’ ಪ್ರತ್ಯಯಕ್ಕೂ ಡಾಟಿವ್‌ಗೂ ನೇರ ಸಂಬಂಧವಿದೆಯೆಂದು ತೋರುವುದು ಸಹಜ. ಆದರೆ ಇನ್, ಆನ್, ಔಫ್ ಸೇರಿದಂತೆ ಒಂಬತ್ತು ಪದಗಳು ಎರಡು ವಿಭಕ್ತಿಗಳನ್ನು ತೆಗೆದುಕೊಳ್ಳುತ್ತವೆ. ಅವುಗಳಲ್ಲಿ ಗುರಿಯನ್ನು ಹೇಳುವುದು ಅಕ್ಯೂಸಟಿವ್ ಎಂಬ ದ್ವಿತೀಯೆ, ಇರುವ ಜಾಗವನ್ನು ಹೇಳುವುದು ಡಾಟಿವ್. ಹೀಗಾಗಿ ‘ಇನ್ ದೀ ಕ್ಯುಷೆ’ ಎಂದರೆ ಅಡುಗೆಮನೆಗೆ, ‘ಇನ್ ದೇರ್ ಕ್ಯುಷೆ’ ಎಂದರೆ ಅಡುಗೆಮನೆಯಲ್ಲಿ. ವಿಭಕ್ತಿಗಳ ಹೆಸರನ್ನು ಹೊಂದಿಸಲು ಹೊರಡದೆ, ಉತ್ತರವು ‘ಎಲ್ಲಿಗೆ’ ಎಂಬ ಪ್ರಶ್ನೆಯದೋ ‘ಎಲ್ಲಿ’ ಎಂಬ ಪ್ರಶ್ನೆಯದೋ ಎಂದು ಕೇಳಿಕೊಳ್ಳಿ. ಜರ್ಮನ್ ಭಾಷೆಯ ‘ವೋಹಿನ್’ ಮತ್ತು ‘ವೋ’ ಪ್ರಶ್ನೆಗಳು ನಿಖರವಾಗಿ ಇವೇ. ಈ ಭೇದವನ್ನು ಚಿಕ್ಕಂದಿನಿಂದಲೇ ತಪ್ಪದೆ ಪಾಲಿಸಿಕೊಂಡು ಬಂದಿರುವ ನಮಗೆ ಇದು ದೊಡ್ಡ ಅನುಕೂಲ.

ಬೆಟ್ಟ, ದ್ವೀಪ, ಬಯಲಿನ ಸಂತೆಗಳಿಗೆ ‘ಔಫ್’ ಸಲ್ಲುತ್ತದೆ: ಸಂತೆಗೆ ಹೋಗುವುದು ‘ಔಫ್ ದೇನ್ ಮಾರ್ಕ್ಟ್’. ದ್ವೀಪವೇ ಆದರೂ ಆರ್ಟಿಕಲ್ ಇಲ್ಲದ ಶ್ರೀಲಂಕಾಕ್ಕೆ ‘ನಾಖ್’ ಬಂದರೆ, ಆರ್ಟಿಕಲ್ ಇರುವ ಮಾಲ್ಡೀವ್ಸಿಗೆ ‘ಔಫ್ ದೀ ಮಲೆಡೀವೆನ್’ ಎಂದಾಗುತ್ತದೆ. ನೀರಿನ ಅಂಚಿಗೆ ಹೋಗುವುದು ‘ಆನ್’ ಪದದ ಪಾಲು: ರೈನ್ ನದಿಗೆ ‘ಆನ್ ದೇನ್ ರೈನ್’, ರಜೆಯಲ್ಲಿ ಸಮುದ್ರತೀರಕ್ಕೆ ‘ಆನ್ಸ್ ಮೇರ್’. ತೀರದಿಂದ ನೀರಿಗೆ ಇಳಿಯುವಾಗ ಮಾತ್ರ ಅದು ‘ಇನ್ಸ್ ಮೇರ್’ ಆಗುತ್ತದೆ.