ಮರದ ಮೇಲೆ ಸೊಂಟಕ್ಕೆ ಚೈನ್‌ಸಾ ಕಟ್ಟಿಕೊಳ್ಳುವುದು: ನನ್ನ ಅನುಭವ

ಮರ ಹತ್ತಿ ಕೊಂಬೆ ಕೊಯ್ಯುವ ಕೆಲಸದ ಮೊದಲ ಎರಡು ವರ್ಷ ನಾನು ಚೈನ್‌ಸಾವನ್ನು, ಅಂದರೆ ಮರ ಕೊಯ್ಯುವ ಮಷೀನನ್ನು, ಹಾರ್ನೆಸ್‌ಗೆ (ಹತ್ತುವಾಗ ಸೊಂಟ, ತೊಡೆಗೆ ಹಾಕಿಕೊಳ್ಳುವ ಸುರಕ್ಷತಾ ಪಟ್ಟಿ) ನೈಲಾನ್ ಹಗ್ಗದಲ್ಲಿ ಕಟ್ಟಿಕೊಂಡಿರುತ್ತಿದ್ದೆ. ಎಸ್.ಪಿ. ರೋಡಿನಿಂದ ಮೀಟರ್ ಲೆಕ್ಕದಲ್ಲಿ ತಂದ ಹಗ್ಗ. ಎರಡೂ ತುದಿಗೆ ಬಿಗಿಯಾದ ಗಂಟು. ಕೈ ಜಾರಿದರೆ ಮಷೀನ್ ಕೆಳಗಿರುವವರ ಮೇಲೆ ಬೀಳಬಾರದು, ಅದಕ್ಕೆ ಹಗ್ಗ ಎಷ್ಟು ಗಟ್ಟಿ ಇದ್ದರೆ ಅಷ್ಟು ಒಳ್ಳೆಯದು ಅಂತ ನಂಬಿದ್ದೆ. ನನಗೆ ಕೆಲಸ ಕಲಿಸಿದ ಅಣ್ಣನೂ ಹಾಗೇ ಕಟ್ಟುತ್ತಿದ್ದರು.

ಅದು ತಪ್ಪು ಅಂತ ಗೊತ್ತಾಗಿದ್ದು ಜಯನಗರದಲ್ಲಿ, ಒಂದು ಮನೆಯ ಮುಂದಿನ ಮಳೆಮರದ ಮೇಲೆ. ಏಪ್ರಿಲ್ ತಿಂಗಳು. ಹಿಂದಿನ ರಾತ್ರಿ ಗಾಳಿ ಮಳೆ ಜೋರಾಗಿ ಬಂದು ಒಂದು ದಪ್ಪ ಕೊಂಬೆ ಸೀಳಿ ಕಾಂಪೌಂಡ್ ಮೇಲೆ ವಾಲಿತ್ತು. ಮಳೆಮರದ ಕೊಂಬೆಗಳು ಮೇಲಕ್ಕೆ ಹೋಗುವುದಕ್ಕಿಂತ ಜಾಸ್ತಿ ಅಡ್ಡಕ್ಕೆ ಹರಡುತ್ತವೆ. ಭಾರವೆಲ್ಲ ತುದಿಯ ಕಡೆ. ಕತ್ತರಿಸುವಾಗ ಕೊಂಬೆ ಕೂತುಕೊಂಡು ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ನಾನು ಕೊಯ್ದ ಸೀಳಿನಲ್ಲಿ ಸಿಕ್ಕಿಕೊಂಡಿತು. ನಾನು ಮಷೀನ್ ಆಫ್ ಮಾಡಿ, ಎರಡೂ ಕೈಯಲ್ಲಿ ಅಲ್ಲಾಡಿಸುತ್ತಾ ಎಳೆಯುತ್ತಿದ್ದೆ. ಕೊಂಬೆ ಪಟ್ ಅಂತ ಮುರಿಯಿತು. ಮಷೀನನ್ನೂ ಕಚ್ಚಿಕೊಂಡೇ ಕೆಳಗೆ ಹೊರಟಿತು.

ನೈಲಾನ್ ಹಗ್ಗ ತುಂಡಾಗಲಿಲ್ಲ. ತುಂಡಾಗಬೇಕಿತ್ತು. ಕೊಂಬೆಯ ಭಾರವೆಲ್ಲ ಒಂದು ಕ್ಷಣ ನನ್ನ ಬಲ ಸೊಂಟದ ಮೇಲೆ ಬಿತ್ತು. ನಾನು ಹತ್ತುವ ಮೇಲಿನ ಹಗ್ಗ, ಕಾಂಡಕ್ಕೆ ಸುತ್ತಿದ್ದ ಲ್ಯಾನ್ಯಾರ್ಡ್ (ಸೊಂಟವನ್ನು ಮರಕ್ಕೆ ಹಿಡಿದಿಡುವ ಗಿಡ್ಡ ಹಗ್ಗ) ಎರಡೂ ಹಿಡಿದುಕೊಂಡವು. ಆದರೆ ಮಧ್ಯದಲ್ಲಿ ಇದ್ದವನು ನಾನು. ಪಕ್ಕೆಲುಬು ಕಾಂಡಕ್ಕೆ ಬಡಿಯಿತು. ಕೊಂಬೆ ತಿರುಗಿದಾಗ ಸೀಳು ಬಾಯಿಬಿಟ್ಟು ಬಾರ್ ಕಳಚಿಕೊಂಡಿತು, ಅದಕ್ಕೇ ಬದುಕಿದೆ. ಮೂರು ವಾರ ಎಡಮಗ್ಗುಲಲ್ಲಿ ಮಾತ್ರ ಮಲಗಬಹುದಿತ್ತು.

ಆಮೇಲೆ ಮನೆಯಲ್ಲಿ ಕೂತು ಯೋಚಿಸಿದೆ. ಮಷೀನ್ ಕಟ್ಟುವ ಪಟ್ಟಿ ಎರಡು ಕೆಲಸ ಮಾಡಬೇಕು. ಸುಮ್ನೆ ಕೈಬಿಟ್ಟಾಗ ಮಷೀನನ್ನು ಹಿಡಿದಿರಬೇಕು. ಕೊಂಬೆ ಎಳೆದುಕೊಂಡು ಹೋಗುವಾಗ ಬಿಟ್ಟುಬಿಡಬೇಕು. ಮಾಮೂಲಿ ಹಗ್ಗ ಮೊದಲನೆಯದನ್ನು ಮಾತ್ರ ಮಾಡುತ್ತದೆ. ಇದಕ್ಕೆಂದೇ ತಯಾರಾಗುವ ಪಟ್ಟಿಗಳಿವೆ, ಚೈನ್‌ಸಾ ಸ್ಟ್ರಾಪ್ ಅಂತಾರೆ. ಒಳಗೆ ಎಲಾಸ್ಟಿಕ್ ಇರುತ್ತದೆ, ಒಂದು ಕಡೆ ಬೇಕೆಂದೇ ದುರ್ಬಲವಾಗಿ ಹಾಕಿದ ಹೊಲಿಗೆ ಇರುತ್ತದೆ. ಮಷೀನಿನ ತೂಕಕ್ಕೆ ಆ ಹೊಲಿಗೆ ಜಗ್ಗುವುದಿಲ್ಲ, ಕೊಂಬೆಯ ಎಳೆತಕ್ಕೆ ಹರಿದುಹೋಗುತ್ತದೆ. ಎಷ್ಟು ಭಾರಕ್ಕೆ ಹರಿಯುತ್ತದೆ ಅನ್ನುವುದನ್ನು ಅದರ ಚೀಟಿಯಲ್ಲೇ ಬರೆದಿರುತ್ತಾರೆ. ನನಗೆ ಇದು ಊರಿನ ಅಂಗಡಿಗಳಲ್ಲಿ ಸಿಗಲಿಲ್ಲ, ಹೊರಗಿನಿಂದ ತರಿಸಿಕೊಂಡೆ. ದುಬಾರಿ ಅನ್ನಿಸಿತು. ಪಕ್ಕೆಲುಬಿನ ಎಕ್ಸ್‌ರೇ, ಮೂರು ವಾರದ ಕೂಲಿ ನೆನಪಾಗಿ ಕೊಟ್ಟೆ.

ಕೆಲವು ಹುಡುಗರು ಆ ಹೊಲಿಗೆ ನೋಡಿ ಹೆದರುತ್ತಾರೆ. "ಅಣ್ಣಾ, ಇದು ಕಿತ್ಕೊಂಡು ಬಂದ್ರೆ?" ಅಂತ ಪಕ್ಕದಲ್ಲೇ ಇನ್ನೊಂದು ಹಗ್ಗ ಕಟ್ಟಲು ಹೋಗುತ್ತಾರೆ. ಹಾಗೆ ಕಟ್ಟಿದರೆ ಪಟ್ಟಿ ತಂದಿದ್ದೇ ವ್ಯರ್ಥ. ಬೈಕಿಗೆ ಲಗೇಜ್ ಕಟ್ಟುವ ಎಲಾಸ್ಟಿಕ್ ಹಗ್ಗವೂ ಬೇಡ. ಅದರ ತಂತಿ ಕೊಕ್ಕೆ ನೆಟ್ಟಗಾಗಿ ಕಳಚಿದರೆ ಮುಖಕ್ಕೇ ಹೊಡೆಯುತ್ತದೆ.

ಇನ್ನು ಹಾರ್ನೆಸ್‌ನಲ್ಲಿ ಎಲ್ಲಿ ಸಿಕ್ಕಿಸುವುದು? ಇದಕ್ಕೆ ನಾನು ತುಂಬ ಸಮಯ ಕೊಟ್ಟೆ. ಮೊದಲು ಬಲಗಡೆಯ ಪ್ಲಾಸ್ಟಿಕ್ ಕುಣಿಕೆಗೆ ಸಿಕ್ಕಿಸುತ್ತಿದ್ದೆ. ಕೈಗರಗಸ, ಚಿಕ್ಕ ರಾಟೆ ತೂಗುಹಾಕಲು ಕೊಟ್ಟ ಕುಣಿಕೆ ಅದು. ನನ್ನ ಮಷೀನ್ ಮೇಲ್ಗಡೆ ಹಿಡಿ ಇರುವ ಚಿಕ್ಕದು. ಆದರೂ ಬಾರ್, ಚೈನ್, ಪೆಟ್ರೋಲ್, ಎಣ್ಣೆ ಎಲ್ಲ ಸೇರಿಸಿ ತೂಗಿದರೆ 5 ಕೆಜಿ ಹತ್ತಿರ ಬರುತ್ತದೆ. ಅದು ಕೈಯಿಂದ ಜಾರಿ ಒಂದು ಮೀಟರ್ ಬಿದ್ದು ನಿಂತಾಗ ಆ ಕುಣಿಕೆಯ ಮೇಲೆ ಬೀಳುವ ಪೆಟ್ಟು 5 ಕೆಜಿಯಷ್ಟೇ ಇರುವುದಿಲ್ಲ ಅಲ್ವಾ? ಈಗ ಹಾರ್ನೆಸ್‌ನ ಹಿಂಭಾಗದಲ್ಲಿ, ಬೆನ್ನುಮೂಳೆಯ ನೇರಕ್ಕೆ, ತಯಾರಕರೇ ಮಷೀನಿಗೆಂದು ಕೊಟ್ಟ ಹೊಲಿದ ಕುಣಿಕೆಗೆ ಸಿಕ್ಕಿಸುತ್ತೇನೆ. ಭಾರ ನಡುಬೆನ್ನಿಗೆ ಬೀಳುತ್ತದೆ, ದೇಹ ಒಂದು ಕಡೆ ವಾಲುವುದಿಲ್ಲ. ಮಷೀನ್ ಹಿಂದೆ ತೂಗುವುದರಿಂದ ಮುಂದಿನ ಹತ್ತುವ ಹಗ್ಗದಿಂದಲೂ ದೂರ ಇರುತ್ತದೆ. ಇದು ದೊಡ್ಡ ವಿಷಯ. ಓಡುವ ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ಹೋಗುತ್ತದೆ. ಬಿಗಿಯಾಗಿ ಎಳೆದ ಹಗ್ಗಕ್ಕೆ ತಾಗಿದರೆ ಸಾಕು. ಚೈನ್ ನಿಂತಿದ್ದರೂ ಸೈಲೆನ್ಸರ್ ಕಾದಿರುತ್ತದೆ, ಒತ್ತಿಕೊಂಡು ತೂಗಿದರೆ ಹಗ್ಗದ ಎಳೆಗಳು ಕರಗುತ್ತವೆ.

ಉದ್ದ ಸರಿಮಾಡಿದ್ದು ಮನೆಯ ಹಿಂದಿನ ಮಾವಿನ ಮರದಲ್ಲಿ, ನೆಲದಿಂದ ಮೂರು ಅಡಿ ಎತ್ತರದಲ್ಲಿ ನೇತಾಡಿಕೊಂಡು. ಪೆಟ್ರೋಲ್ ಖಾಲಿ, ಬಾರ್‌ಗೆ ಕವರ್. ಎರಡು ಕೈ ಪೂರ್ತಿ ಮುಂದೆ ಚಾಚಿದರೂ ಪಟ್ಟಿ ಮಷೀನನ್ನು ಹಿಂದಕ್ಕೆ ಎಳೆಯಬಾರದು. ಎಳೆದರೆ ಒಂದು ಕೈ ಬಿಟ್ಟು ಕೊಯ್ಯಲು ಮನಸ್ಸಾಗುತ್ತದೆ. ಮೇಲ್ಗಡೆ ಹಿಡಿಯ ಮಷೀನಿನ ಅಪಾಯವೇ ಅದು, ಒಂದೇ ಕೈಯಲ್ಲಿ ಹಿಡಿಯಲು ಬರುತ್ತದೆ ಅಂತ ಅನ್ನಿಸುತ್ತದೆ. ಬಾರಿನ ಮೂಗಿನ ಮೇಲ್ಭಾಗ ಮರಕ್ಕೆ ತಾಗಿ ಮಷೀನ್ ಮುಖದ ಕಡೆ ಒದ್ದಾಗ ಒಂದು ಕೈ ತಡೆಯುವುದಿಲ್ಲ. ಇನ್ನು ಕೈಬಿಟ್ಟಾಗ ಮಷೀನ್ ತೊಡೆ, ಮೊಣಕಾಲಿಗೆ ಬಡಿಯದ ಹಾಗೆ ಕಾಲಿನ ಕೆಳಗೆ ತೂಗಬೇಕು. ನನ್ನ ಪಟ್ಟಿ ಸಡಿಲವಾಗಿದ್ದಾಗ ಸುಮಾರು 90 ಸೆಂ.ಮೀ., ಎಳೆದರೆ 130ರ ಹತ್ತಿರ. ನನ್ನ ಎತ್ತರಕ್ಕೆ ಅದು ಸರಿಹೋಯಿತು. ನಿಮ್ಮ ಎತ್ತರಕ್ಕೆ ನೀವೇ ನೇತಾಡಿ ನೋಡಬೇಕು. ನಾನು ಒಂದು ಭಾನುವಾರ ಪೂರ್ತಿ ನೇತಾಡಿದೆ, ಹತ್ತು ಹದಿನೈದು ಸಲ ಕೈಬಿಟ್ಟು ನೋಡಿದೆ.

ಕೊಂಬೆಯಿಂದ ಕೊಂಬೆಗೆ ಸರಿಯುವಾಗ ಅಷ್ಟು ಉದ್ದ ಬೇಡ, ಸಂದಿಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಮಷೀನಿನ ಹಿಂದಿರುವ ಬಳೆಯನ್ನು ನೇರವಾಗಿ ಬಲ ಸೊಂಟದ ಕ್ಯಾರಬಿನರ್‌ಗೆ (ಬಾಯಿ ಮುಚ್ಚಿಕೊಳ್ಳುವ ಲೋಹದ ಕೊಕ್ಕೆ) ಹಾಕುತ್ತೇನೆ. ಹೊಸ ಜಾಗದಲ್ಲಿ ಕೂತಿತು ಅಂತ ಎಳೆದು ನೋಡಿದ ಮೇಲೆಯೇ ಹಳೆಯದನ್ನು ಬಿಚ್ಚುವುದು. ಮಷೀನಿನ ಕ್ಯಾರಬಿನರ್‌ಗಳಿಗೆ ಕೆಂಪು ಟೇಪ್ ಸುತ್ತಿದ್ದೇನೆ. ನನ್ನ ಪ್ರಾಣ ಹಿಡಿಯುವ ಕ್ಯಾರಬಿನರ್‌ಗಳ ಜೊತೆ ಅವು ಬೆರೆಯಬಾರದು.

ಮಷೀನ್ ಹೊತ್ತುಕೊಂಡು ಮರ ಹತ್ತುವುದನ್ನು ಬಿಟ್ಟಿದ್ದೇನೆ. ಮೊದಲು ನಾನು ಹತ್ತಿ, ಹಗ್ಗ ಮತ್ತು ಲ್ಯಾನ್ಯಾರ್ಡ್ ಎರಡರಲ್ಲೂ ಭದ್ರವಾಗುತ್ತೇನೆ. ಕೆಳಗಿರುವ ಜೊತೆಗಾರ ಮಷೀನ್ ಸ್ಟಾರ್ಟ್ ಮಾಡಿ, ಬಿಸಿ ಮಾಡಿ, ಆಫ್ ಮಾಡಿ, ಚೈನ್ ತಿರುಗದಂತೆ ತಡೆಯುವ ಚೈನ್ ಬ್ರೇಕ್ ಹಾಕಿ ಬೇರೆ ಹಗ್ಗದಲ್ಲಿ ಕಳಿಸುತ್ತಾನೆ. ಪಟ್ಟಿಯನ್ನು ಹಾರ್ನೆಸ್‌ಗೆ ಸಿಕ್ಕಿಸಿದ ಮೇಲೆ "ಬಿಚ್ಚಿದೆ" ಅಂತ ಕೂಗಿ ಆ ಹಗ್ಗ ಬಿಚ್ಚುತ್ತೇನೆ. ಕೊಯ್ದು ಮುಗಿದ ತಕ್ಷಣ, ಕೈಬಿಡುವ ಮೊದಲು, ಬ್ರೇಕ್. ಇದು ಈಗ ಉಸಿರಾಡಿದಷ್ಟು ಅಭ್ಯಾಸ. ಕರೆಂಟ್ ತಂತಿ ಹತ್ತಿರ ಇದ್ದರೆ ಬೆಸ್ಕಾಂನವರು ಲೈನ್ ಆಫ್ ಮಾಡುವವರೆಗೂ ನಾನು ಹಾರ್ನೆಸ್ ಹಾಕುವುದೇ ಇಲ್ಲ. ಮರ ಕಡಿಯುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಪತ್ರವನ್ನೂ ಮೊದಲೇ ನೋಡುತ್ತೇನೆ.

ಬಾರ್ ಸಿಕ್ಕಿಕೊಂಡರೆ ಈಗ ಎಳೆಯುವುದಿಲ್ಲ. ಮಷೀನ್ ಆಫ್ ಮಾಡಿ, ಅದನ್ನು ಸೀಳಿನಿಂದ ಕಾಂಡದ ಕಡೆಗೆ, ಮರಕ್ಕೇ ಒಂದು ಹಗ್ಗದಲ್ಲಿ ಕಟ್ಟುತ್ತೇನೆ. ನನ್ನ ಸೊಂಟದಿಂದ ಬಿಚ್ಚುತ್ತೇನೆ. ಆಮೇಲೆ ಕೈಗರಗಸದಲ್ಲಿ, ಸಿಕ್ಕಿಕೊಂಡ ಜಾಗದಿಂದ ಕನಿಷ್ಠ 30 ಸೆಂ.ಮೀ. ತುದಿಯ ಕಡೆಗೆ ಹೊಸದಾಗಿ ಕೊಯ್ಯುತ್ತೇನೆ. ತುದಿ ಬಿದ್ದುಹೋದರೆ ಭಾರ ಕಡಿಮೆಯಾಗಿ ಬಾರ್ ತಾನೇ ಸಡಿಲವಾಗುತ್ತದೆ. ಕಾಂಡದ ಕಡೆ ಕೊಯ್ದರೆ ಬೀಳುವ ತುಂಡಿನ ಜೊತೆ ಮಷೀನೂ ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ, ಮಲ್ಲೇಶ್ವರದ ಒಂದು ಗುಲ್‌ಮೊಹರ್ ಮರದಲ್ಲಿ, ಅದು ಮತ್ತೆ ಆಯಿತು. ಒಳಗೆ ಕೊಳೆತಿದ್ದ ಕೊಂಬೆ. ಹೊರಗಿನಿಂದ ಕಾಣಿಸುತ್ತಿರಲಿಲ್ಲ. ನಾನು ಅರ್ಧವೂ ಕೊಯ್ದಿರಲಿಲ್ಲ, ಮುರಿದುಕೊಂಡು ಬಾರನ್ನು ಎಳೆದುಕೊಂಡು ಹೋಯಿತು. ಬೆನ್ನ ಹಿಂದೆ ಯಾರೋ ಷರ್ಟ್ ಹಿಡಿದು ಜಗ್ಗಿದ ಹಾಗಾಯಿತು. ಚರ್ ಅಂತ ಶಬ್ದ. ಹೊಲಿಗೆ ಹರಿದು ಮಷೀನ್ ಹೋಯಿತು, ನಾನು ಕೂತಲ್ಲೇ ಇದ್ದೆ. ಕೆಳಗೆ ಹಗ್ಗ ಕಟ್ಟಿ ಜಾಗ ಖಾಲಿ ಮಾಡಿಸಿದ್ದೆವು, ಜೊತೆಗಾರ ಗೇಟಿನ ಆಚೆ ನಿಂತಿದ್ದ. "ಅಣ್ಣಾ, ಆರಾಮಾ?" ಅಂತ ಕೂಗಿದ. ಕೈ ಎತ್ತಿ ತೋರಿಸಿದೆ.

ಬಾರ್ ಬಾಗಿತ್ತು, ಮುಂದಿನ ಹಿಡಿ ಮುರಿದಿತ್ತು. ಎರಡನ್ನೂ ಬದಲಾಯಿಸಿದೆ. ಹರಿದ ಪಟ್ಟಿಯನ್ನು ಮತ್ತೆ ಹೊಲಿಸಲಿಲ್ಲ, ಹೊಸದು ತರಿಸಿದೆ. ಅದು ಬರುವವರೆಗೆ ಹತ್ತು ದಿನ ಕೈಗರಗಸದಲ್ಲಿ ಆಗುವ ಕೆಲಸ ಮಾತ್ರ ಒಪ್ಪಿಕೊಂಡೆ.