ಕಲ್ಚರ್‌ಗೆ ಸ್ಯಾಂಪಲ್ ಕೊಡುವ ಮೊದಲು ಇದನ್ನು ಓದಿ

ವಿಜಯಪುರದ ಒಂದು ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಮೂತ್ರ, ಮಲ, ಕುಡಿಯುವ ನೀರು, ದಿನವೂ ನನ್ನ ಮೇಜಿಗೆ ಬರುವುದು ಇವೇ. ಕಲ್ಚರ್ ಅಂದರೆ ಸ್ಯಾಂಪಲಿನಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ. ಮೂತ್ರದಲ್ಲೂ ನೀರಿನಲ್ಲೂ ನಾನು ಮೊದಲು ಹುಡುಕುವುದು ಇ. ಕೋಲಿ ಎಂಬ ಬ್ಯಾಕ್ಟೀರಿಯಾವನ್ನು. ಮಲದಲ್ಲಿ ಅದೇ ಸಿಕ್ಕರೆ ಸಾಮಾನ್ಯವಾಗಿ ರಿಪೋರ್ಟಿನಲ್ಲಿ ಬರೆಯುವುದೂ ಇಲ್ಲ. ಅಲ್ಲಿ ಅದು ಇರಬೇಕಾದದ್ದೇ.

1885ರಲ್ಲಿ ಥಿಯೋಡರ್ ಎಶರಿಕ್ ಎಂಬ ಮಕ್ಕಳ ಡಾಕ್ಟರು ಮ್ಯೂನಿಕ್‌ನಲ್ಲಿ ಇದನ್ನು ಕಂಡದ್ದು ಹಸುಗೂಸುಗಳ ಮಲದಲ್ಲಿ. ನಮ್ಮ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಇದರ ಪಾಲು ತೀರಾ ಸಣ್ಣದು. ಅಲ್ಲಿ ಜಾಸ್ತಿ ಇರುವುದು ಗಾಳಿ ತಾಗಿದರೆ ಬದುಕದ ಬೇರೆ ಜಾತಿಗಳು. ಕರುಳಿನೊಳಗೆ ಇದ್ದಷ್ಟು ಹೊತ್ತು ಬಹುತೇಕ ಇ. ಕೋಲಿ ನಮಗೇನೂ ಮಾಡುವುದಿಲ್ಲ, ವಿಟಮಿನ್ ಕೆ ಕೂಡ ತಯಾರಿಸುತ್ತವೆ. ಅವೇ ಮೂತ್ರನಾಳಕ್ಕೆ ಹೋದರೆ ಉರಿ, ಜ್ವರ. ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ಕುಡಿಯುವ ನೀರಿನಲ್ಲಿ ಸಿಕ್ಕರೆ ಆ ನೀರಿಗೆ ಎಲ್ಲೋ ಮಲ ಸೇರಿದೆ ಎಂದರ್ಥ. ಯಾವ ಬ್ಯಾಕ್ಟೀರಿಯಾ ಎನ್ನುವಷ್ಟೇ ಎಲ್ಲಿ ಸಿಕ್ಕಿತು ಎನ್ನುವುದೂ ಮುಖ್ಯ. ಹಾಗಾಗಿ ಸ್ಯಾಂಪಲ್ ಹಿಡಿಯುವಾಗ ಅಲ್ಲಿನದು ಇಲ್ಲಿಗೆ ಸೇರಿದರೆ ನಾನು ಎಷ್ಟೇ ಜಾಗ್ರತೆಯಿಂದ ಪರೀಕ್ಷೆ ಮಾಡಿದರೂ ರಿಪೋರ್ಟ್ ಸುಳ್ಳಾಗುತ್ತದೆ.

ಮೂತ್ರದಿಂದ ಶುರು ಮಾಡೋಣ. ಡಾಕ್ಟರು ಕಲ್ಚರ್ ಬರೆದುಕೊಟ್ಟರೆ ಮೊದಲು ಸ್ಯಾಂಪಲ್ ಕೊಡಿ, ಆಮೇಲೆ ಆಂಟಿಬಯಾಟಿಕ್ ಮಾತ್ರೆ ನುಂಗಿ. ಒಂದೇ ಡೋಸ್ ಒಳಗೆ ಹೋದರೂ ಬ್ಯಾಕ್ಟೀರಿಯಾ ಬೆಳೆಯದೆ ಇರಬಹುದು. ಉರಿ ಇದ್ದೇ ಇರುತ್ತದೆ, ರಿಪೋರ್ಟ್ ಮಾತ್ರ ಏನೂ ಇಲ್ಲ ಎನ್ನುತ್ತದೆ. ಡಬ್ಬಿಯನ್ನು ಲ್ಯಾಬಿನಿಂದಲೇ ತಗೊಳ್ಳಿ. "ಅಕ್ಕಾರ, ಮನ್ಯಾಗಿನ ಔಷಧಿ ಬಾಟ್ಲಿ ಕುದಿಸಿ ತಂದೀನ್ರಿ" ಅಂತ ಹಳ್ಳಿಯಿಂದ ಬಂದ ಹಿರಿಯರು ಹೇಳುತ್ತಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೂ ಆ ಬಾಟಲಿ ಬೇಡ. ಡೆಟಾಲ್ ಹಾಕಿ ತೊಳೆದದ್ದಂತೂ ಬೇಡವೇ ಬೇಡ. ಉಳಿದ ಒಂದೆರಡು ಹನಿ ಡೆಟಾಲ್ ಸಾಕು, ನಾನು ಹುಡುಕುವ ಬ್ಯಾಕ್ಟೀರಿಯಾ ಸತ್ತುಹೋಗಲು.

ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಆಗದಿದ್ದರೆ ಮೂರು ನಾಲ್ಕು ಗಂಟೆ ತಡೆದ ಮೇಲಿನದು. ಕೈ ತೊಳೆದು, ಜಾಗವನ್ನೂ ನೀರಿನಿಂದ ಚೆನ್ನಾಗಿ ತೊಳೆಯಿರಿ. ಹೆಣ್ಣುಮಕ್ಕಳು ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಉಲ್ಟಾ ಅಲ್ಲ. ಮೊದಲು ಬರುವ ಸ್ವಲ್ಪ ಮೂತ್ರ ಹೋಗಲಿ, ನಿಲ್ಲಿಸದೆ ನಡುವಿನದನ್ನು ಡಬ್ಬಿಗೆ ಹಿಡಿಯಿರಿ. ಮುಚ್ಚಳದ ಒಳಬದಿಗೆ ಬೆರಳು ತಾಗಬಾರದು. ಹಿಡಿದ ಟೈಮ್ ಬರೆದುಕೊಳ್ಳಿ.

ಎರಡು ಗಂಟೆಯೊಳಗೆ ಅದು ಲ್ಯಾಬ್ ಸೇರಬೇಕು. ನಮ್ಮ ಊರಿನ ಬಿಸಿಲು ನಿಮಗೆ ಗೊತ್ತಲ್ವಾ? ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಇ. ಕೋಲಿಗೆ ಇಷ್ಟವಾದ ಶಾಖ 37 ಡಿಗ್ರಿ. ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಅಂದರೆ ಎರಡು ಗಂಟೆಯಲ್ಲಿ ಒಂದಿದ್ದದ್ದು 64. ಇಂಡಿಯಿಂದಲೋ ಸಿಂದಗಿಯಿಂದಲೋ ಬೈಕಿನ ಡಿಕ್ಕಿಯಲ್ಲಿಟ್ಟು ತಂದರೆ ಕಾಯಿಲೆ ಇಲ್ಲದವರ ಮೂತ್ರದಲ್ಲೂ ಲಕ್ಷಗಟ್ಟಲೆ ಬೆಳೆದಿರಬಹುದು. ದೂರದಿಂದ ಬರುವವರು ಲ್ಯಾಬಿಗೇ ಬಂದು ಸ್ಯಾಂಪಲ್ ಕೊಡಿ. ಆಗದಿದ್ದರೆ ಕವರಿನಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ, ಐಸ್ ಇಟ್ಟು ತನ್ನಿ. ಫ್ರೀಜರ್‌ನಲ್ಲಿ ಮಾತ್ರ ಬೇಡ. ಫ್ರಿಜ್‌ನ ತಂಪಿನಲ್ಲಿ 24 ಗಂಟೆವರೆಗೆ ನಡೆಯುತ್ತದೆ.

ಆಮೇಲೆ ನನ್ನ ಕೆಲಸ. ತುದಿಯಲ್ಲಿ ಉಂಗುರವಿರುವ ತಂತಿ, ಅಂದರೆ ಸಣ್ಣ ಲೂಪ್‌ನಿಂದ ಒಂದು ಮಿಲಿಲೀಟರಿನ ಸಾವಿರದ ಒಂದು ಭಾಗ ಮೂತ್ರ ತೆಗೆದು ಪ್ಲೇಟಿನ ಮೇಲೆ ಗೆರೆ ಎಳೆಯುತ್ತೇನೆ. ಒಂದು ಪ್ಲೇಟಿನಲ್ಲಿ ಮೆಕಾಂಕಿ ಅಗರ್ ಎಂಬ, ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ ಇರುತ್ತದೆ. ಅದರಲ್ಲಿ ಪಿತ್ತದ ಲವಣ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್, ಒಂದು ಬಣ್ಣ ಸೇರಿರುತ್ತವೆ. ರಾತ್ರಿ ಪೂರ್ತಿ 37 ಡಿಗ್ರಿಯಲ್ಲಿಟ್ಟು ಬೆಳಿಗ್ಗೆ ತೆಗೆದರೆ ಇ. ಕೋಲಿ ಗುಲಾಬಿ ಚುಕ್ಕೆಗಳಾಗಿ ಎದ್ದಿರುತ್ತದೆ, ಏಕೆಂದರೆ ಅದು ಲ್ಯಾಕ್ಟೋಸ್ ಹುಳಿ ಮಾಡುತ್ತದೆ. ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಕೂಡ ಗುಲಾಬಿಯೇ, ಆದರೆ ಲೋಳೆ ಲೋಳೆ. ಸಂಶಯ ಬಂದರೆ, ಬ್ಯಾಕ್ಟೀರಿಯಾ ಇಂಡೋಲ್ ಎಂಬ ವಸ್ತು ತಯಾರಿಸುತ್ತದೆಯೇ ಎಂದು ನೋಡುವ ಇಂಡೋಲ್ ಪರೀಕ್ಷೆ. ಟ್ಯೂಬಿನ ಮೇಲ್ಭಾಗದಲ್ಲಿ ಕೆಂಪು ಉಂಗುರ ಮೂಡಿದರೆ ಇ. ಕೋಲಿ ಕಡೆಗೆ ವಾಲುತ್ತೇನೆ. ಇಷ್ಟು ವರ್ಷವಾದರೂ ಆ ಉಂಗುರ ಮೂಡುವುದನ್ನು ನೋಡುವುದು ನನಗೆ ಖುಷಿ.

ನೂರು ಚುಕ್ಕೆ ಇದ್ದರೆ ಒಂದು ಮಿಲಿಲೀಟರಿಗೆ ಒಂದು ಲಕ್ಷ ಎಂದು ಲೆಕ್ಕ. ಸೋಂಕು ಎನ್ನಲು ಇದೇ ಹಳೆಯ, ಪಕ್ಕಾ ಗಡಿ. ಲಕ್ಷಣ ಇದ್ದವರಲ್ಲಿ ಕಡಿಮೆ ಸಂಖ್ಯೆಗೂ ಡಾಕ್ಟರು ಬೆಲೆ ಕೊಡಬಹುದು. ಮೂರು ಜಾತಿ ಒಟ್ಟಿಗೆ ಬೆಳೆದರೆ ಹಿಡಿಯುವಾಗ ಚರ್ಮದಿಂದಲೋ ಮಲದಿಂದಲೋ ಸೇರಿರುವುದೇ ಹೆಚ್ಚು. ಆಗ ಮತ್ತೊಮ್ಮೆ ಕೊಡಿ ಅನ್ನುತ್ತೇವೆ. ದಯವಿಟ್ಟು ಸಿಟ್ಟಾಗಬೇಡಿ, ಅದಕ್ಕೆ ಔಷಧಿ ತಿನ್ನುವುದಕ್ಕಿಂತ ಇದು ಒಳ್ಳೆಯದು.

ಎರಡನೇ ದಿನ, ಯಾವ ಔಷಧಿ ನಾಟುತ್ತದೆ ಎಂದು ತಿಳಿಯಲು, ಆಂಟಿಬಯಾಟಿಕ್ ಔಷಧಿಯ ಸಣ್ಣ ಬಿಲ್ಲೆಗಳನ್ನು ಅದೇ ಬ್ಯಾಕ್ಟೀರಿಯಾ ಹಚ್ಚಿದ ಇನ್ನೊಂದು ಪ್ಲೇಟಿನ ಮೇಲೆ ಇಟ್ಟು, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತವನ್ನು ಮರುದಿನ ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ರಿಪೋರ್ಟಿಗೆ ಎರಡು ಮೂರು ದಿನ ಬೇಕಾಗುವುದು ಇದಕ್ಕೇ. ಒಂದು ಮಾತು. ದೊಡ್ಡ ವೃತ್ತದ ಔಷಧಿಯೇ ಒಳ್ಳೆಯದು ಅಂತಲ್ಲ, ಪ್ರತಿ ಔಷಧಿಗೂ ಅದರದೇ ಅಳತೆ ಇದೆ. ಆ ಹಾಳೆ ಹಿಡಿದು ಸೀದಾ ಮೆಡಿಕಲ್ ಶಾಪಿಗೆ ಹೋಗಬೇಡಿ. ಯಾವ ತೊಂದರೆಯೂ ಇಲ್ಲದ ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಬ್ಯಾಕ್ಟೀರಿಯಾ ಕಂಡರೂ ಸಾಮಾನ್ಯವಾಗಿ ಔಷಧಿ ಬೇಕಿಲ್ಲ. ಗರ್ಭಿಣಿಯರಿಗೆ ಮಾತ್ರ ಹಾಗಲ್ಲ, ಅವರಿಗೆ ಲಕ್ಷಣ ಇಲ್ಲದಿದ್ದರೂ ಚಿಕಿತ್ಸೆ ಕೊಡುತ್ತಾರೆ.

ಮಲದ ಕಲ್ಚರ್ ಪ್ರತಿ ಭೇದಿಗೂ ಬೇಕಿಲ್ಲ. ಹೆಚ್ಚಿನವರಿಗೆ ಓಆರ್‌ಎಸ್ ಸಾಕು. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು. ಅಕ್ಕಿ ತೊಳೆದ ನೀರಿನಂತೆ ಹೋಗುತ್ತಿದ್ದರೆ ಅದು ಕಾಲರಾ ಇರಬಹುದು, ರಿಪೋರ್ಟಿಗೆ ಕಾಯದೆ ಆಸ್ಪತ್ರೆಗೆ ಓಡಿ. ರಕ್ತ, ಜ್ವರ ಇದ್ದರೆ ಡಾಕ್ಟರು ಕಲ್ಚರ್ ಬರೆಯುತ್ತಾರೆ. ಸಂಡಾಸಿನ ನೀರು, ಮೂತ್ರ ಬೆರೆಯದಂತೆ ಒಣ ಡಬ್ಬಿಯಲ್ಲಿ ಹಿಡಿದು, ರಕ್ತ ಅಥವಾ ಲೋಳೆ ಇರುವ ಭಾಗವನ್ನೇ ತನ್ನಿ. ಟೈಫಾಯಿಡ್ ತರುವ ಸಾಲ್ಮೊನೆಲ್ಲಾ, ರಕ್ತಭೇದಿಯ ಶಿಗೆಲ್ಲಾ ಅದೇ ಮೆಕಾಂಕಿ ಪ್ಲೇಟಿನಲ್ಲಿ ಬಣ್ಣವಿಲ್ಲದೆ ಬೆಳೆಯುತ್ತವೆ.

ಇ. ಕೋಲಿಯಲ್ಲೂ ಕೆಲವು ತಳಿಗಳು ವಿಷ ಬಿಡುತ್ತವೆ. ಓ157 ಅಂಥದ್ದು. ರಕ್ತಭೇದಿಯಾಗಿ, ಮಕ್ಕಳಲ್ಲಿ ಕಿಡ್ನಿಗೇ ಪೆಟ್ಟು ಬೀಳಬಹುದು. ಅದಕ್ಕೇ ರಕ್ತ ಕಂಡಾಗ ಸ್ವಂತ ಬುದ್ಧಿಯಿಂದ ಆಂಟಿಬಯಾಟಿಕ್ಕೂ ಬೇಡ, ಭೇದಿ ನಿಲ್ಲಿಸುವ ಮಾತ್ರೆಯೂ ಬೇಡ. 2011ರಲ್ಲಿ ಜರ್ಮನಿಯಲ್ಲಿ ಓ104 ಎಂಬ ತಳಿ ಐವತ್ತರಷ್ಟು ಜನರನ್ನು ಬಲಿ ತಗೊಂಡಿತು. ಮೂಲ ಹುಡುಕುತ್ತಾ ಹೋದರೆ ಸಿಕ್ಕದ್ದು ಮೆಂತ್ಯದ ಮೊಳಕೆ. ಜೋಳದ ರೊಟ್ಟಿ ಜೊತೆ ಹಸಿ ಮೆಂತ್ಯ, ಉಳ್ಳಾಗಡ್ಡಿ ಇಲ್ಲದೆ ನಮಗೆ ಊಟವೇ ಇಲ್ಲ. ಬಿಡಿ ಅನ್ನುವುದಿಲ್ಲ, ನಾನೂ ಬಿಟ್ಟಿಲ್ಲ. ಚರಂಡಿ ನೀರು ಹಾಯಿಸಿದ ಸೊಪ್ಪು ತರಬೇಡಿ, ಕುಡಿಯುವ ನೀರಿನಲ್ಲೇ ತೊಳೆಯಿರಿ.

ಇನ್ನು ನೀರು. ಭಾರತದ ಮಾನದಂಡ ಐಎಸ್ 10500 ಪ್ರಕಾರ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಒಂದೂ ಇ. ಕೋಲಿ ಇರಬಾರದು. ಮನೆಯಲ್ಲೇ ನೋಡಲು, ಮಲದ ಬ್ಯಾಕ್ಟೀರಿಯಾ ಬಿಡುವ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹಿಡಿಯುವ ಎಚ್‌ಟುಎಸ್ ಬಾಟಲಿ ಇದೆ. 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದವರು ರೂಪಿಸಿದ್ದು. ಗೆರೆವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಿ. ಕಪ್ಪಾದರೆ ಮಲ ಸೇರಿರುವ ಶಂಕೆ. ಕೊಳೆತ ಮೊಟ್ಟೆ ವಾಸನೆಯ ಬೋರ್ ನೀರು ಬ್ಯಾಕ್ಟೀರಿಯಾ ಇಲ್ಲದೆಯೂ ಕಪ್ಪಾಗಬಹುದು, ಅದನ್ನು ಲ್ಯಾಬಿನಲ್ಲೇ ನೋಡಿಸಬೇಕು.

ಒಂದು ಬಾಟಲಿ ಅಲ್ಲ, ಎರಡು ಇಡಿ. ಒಂದಕ್ಕೆ ನಳದ ನೀರು, ಎರಡು ಮೂರು ನಿಮಿಷ ಹರಿಯಬಿಟ್ಟು ಹಿಡಿದದ್ದು. ಇನ್ನೊಂದಕ್ಕೆ ಮನೆಯ ಕೊಡದ ನೀರು. ನಳದ್ದು ಚೆನ್ನಾಗಿದ್ದು ಕೊಡದ್ದು ಮಾತ್ರ ಕಪ್ಪಾದರೆ ತಪ್ಪು ಪಂಚಾಯ್ತಿಯದ್ದಲ್ಲ, ಕೊಡದೊಳಗೆ ಅದ್ದುವ ಚರಗಿ ಮತ್ತು ಕೈಯದ್ದು. ಉದ್ದ ಹಿಡಿಯ ಸೌಟು ಇಟ್ಟರೆ ಮುಗೀತು. ಎರಡೂ ಕಪ್ಪಾದರೆ ಪಂಚಾಯ್ತಿಗೆ ತಿಳಿಸಿ. ಅಲ್ಲಿಯವರೆಗೆ ಕೊತಕೊತ ಒಂದು ನಿಮಿಷ ಕುದಿಸಿ ಕುಡಿಯಿರಿ. ಕ್ಲೋರಿನ್ ಮಾತ್ರೆ ಹಾಕಿದರೆ ಅರ್ಧ ಗಂಟೆ ಬಿಡಿ.

ಲ್ಯಾಬಿಗೆ ನೀರು ತರುವುದಾದರೆ ಮೊದಲು ಫೋನ್ ಮಾಡಿ ಯಾವ ದಿನ ತಗೋತಾರೆ ಕೇಳಿ, ಅವರದೇ ಬಾಟಲಿ ತಗೊಳ್ಳಿ. ಕ್ಲೋರಿನ್ ಹಾಕಿದ ನೀರಾದರೆ ಮುಂಚೆಯೇ ಹೇಳಿ, ಅದಕ್ಕೆ ಕ್ಲೋರಿನ್ ಮುರಿಯುವ ಲವಣ ಹಾಕಿದ ಬಾಟಲಿ ಬೇಕು. ಮನೆಯಲ್ಲಿ ಕಪ್ಪಾದ ಬಾಟಲಿಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಅದರೊಳಗೆ ಬ್ಲೀಚಿಂಗ್ ಪೌಡರ್ ಹಾಕಿ ಅರ್ಧ ಗಂಟೆ ಬಿಟ್ಟು, ಸಂಡಾಸಿಗೆ ಸುರಿದು, ಸಾಬೂನು ಹಚ್ಚಿ ಕೈ ತೊಳೆಯಿರಿ.