ಇಂಟರ್ನ್‌ಶಿಪ್‌ನಲ್ಲಿರುವ ಪ್ರಶಿಕ್ಷಣಾರ್ಥಿಗಳ ಪಾಠವನ್ನು ದೂರದಿಂದ ತಿದ್ದುವುದು: ನನ್ನ ಅನುಭವ

ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮದಂತೆ ಎರಡು ವರ್ಷದ ಬಿ.ಎಡ್.ನಲ್ಲಿ 20 ವಾರ ಇಂಟರ್ನ್‌ಶಿಪ್ ಇರುತ್ತದೆ. ಪ್ರಶಿಕ್ಷಣಾರ್ಥಿಗಳು ಬೇರೆ ಬೇರೆ ಶಾಲೆಗಳಲ್ಲಿರುವಾಗ ಪ್ರತಿ ಪಾಠಕ್ಕೂ ಹಿಂದಿನ ಬೆಂಚಿನಲ್ಲಿ ಕೂರುವುದು ಮೇಲ್ವಿಚಾರಕರಿಗೆ ಆಗದ ಮಾತು. ಇದಕ್ಕೆ ನಾನು ನೆಚ್ಚಿಕೊಂಡಿರುವುದು ಮೂಡಲ್ ಎಂಬ ಆನ್‌ಲೈನ್ ಕಲಿಕಾ ತಾಣದಲ್ಲಿ ಹಾಕುವ ಎಚ್‌5ಪಿ ಇಂಟರ್‌ಆ್ಯಕ್ಟಿವ್ ವಿಡಿಯೊವನ್ನು, ಅಂದರೆ ನಡುನಡುವೆ ನಿಂತು ನೋಡುವವರಿಗೆ ಪ್ರಶ್ನೆ ಕೇಳುವ ವಿಡಿಯೊವನ್ನು. ಗೂಗಲ್ ಮೀಟ್‌ನಲ್ಲಿ ಉಪನ್ಯಾಸ ಕೊಟ್ಟರೆ ಪಾಠ ಮಾಡುವ ಕೈ ಪಳಗುವುದಿಲ್ಲ.

ಸೂಕ್ಷ್ಮ ಬೋಧನೆಯ (ಒಂದೊಂದೇ ಬೋಧನಾ ಕೌಶಲವನ್ನು ಪುಟ್ಟ ಪಾಠದಲ್ಲಿ ಅಭ್ಯಾಸ ಮಾಡುವ ಕ್ರಮದ) ಭಾರತೀಯ ಮಾದರಿ 36 ನಿಮಿಷದ್ದು: ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6. ಮೊದಲ 6 ನಿಮಿಷವನ್ನು ಮೊಬೈಲಿನಲ್ಲಿ ಚಿತ್ರೀಕರಿಸಬೇಕು. ಮುಖ್ಯ ಶಿಕ್ಷಕರ ಅನುಮತಿ ಪಡೆದು, ಫೋನನ್ನು ಅಡ್ಡಲಾಗಿ, ಮಕ್ಕಳ ಮುಖ ಕಾಣದಂತೆ ಹಿಂಬದಿಯಲ್ಲಿಡಬೇಕು; 720ಪಿ ಸಾಕು. ಅಷ್ಟು ದೂರಕ್ಕೆ ಶಿಕ್ಷಕರ ದನಿ ಕ್ಷೀಣವಾಗುವುದರಿಂದ ಇನ್ನೊಂದು ಫೋನಿನಲ್ಲಿ ವಾಯ್ಸ್ ರೆಕಾರ್ಡರ್ ಹಾಕಿ ಜೇಬಿನಲ್ಲಿಟ್ಟುಕೊಳ್ಳಲಿ. ಶುರುವಿನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಆಮೇಲೆ ಎರಡನ್ನೂ ಹೊಂದಿಸುವುದು ಸುಲಭ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದೇ ಕಳಿಸಿದರೆ ಅದು ಕುಗ್ಗಿ ಕರಿಹಲಗೆಯ ಬರಹ ಓದಲಾಗುವುದಿಲ್ಲ. ಡಾಕ್ಯುಮೆಂಟ್ ಎಂದು ಕಳಿಸಬೇಕು.

ನಿಜವಾದ ಕೆಲಸ ಇರುವುದು ವಿಡಿಯೊ ಎಲ್ಲಿ ನಿಲ್ಲಬೇಕೆಂದು ಆರಿಸುವುದರಲ್ಲಿ. 6 ನಿಮಿಷಕ್ಕೆ ನಾಲ್ಕೈದು ನಿಲುಗಡೆ ಸಾಕು. "1/2 ದೊಡ್ಡದೋ, 1/3 ದೊಡ್ಡದೋ?" ಎಂದು ಕೇಳಿದಾಗ ಮಗು "1/3, ಮೂರು ದೊಡ್ಡದಲ್ವಾ ಮಿಸ್" ಎನ್ನುತ್ತದೆ. ಶಿಕ್ಷಕಿ ಬಾಯಿ ತೆರೆಯುವ ಮೊದಲೇ ವಿಡಿಯೊ ನಿಲ್ಲಬೇಕು. ಮುಂದೇನು? ಸಮ ಉದ್ದದ ಎರಡು ಪಟ್ಟಿ ಬರೆಯುವುದೇ, "ಹೇಗೆ ಗೊತ್ತಾಯ್ತು?" ಎಂದು ಕೇಳುವುದೇ, ಇನ್ನೊಂದು ಮಗುವಿಗೆ ಪ್ರಶ್ನೆ ದಾಟಿಸುವುದೇ? ಮೂರೂ ಸರಿಯೆನಿಸುವಂತಿರಬೇಕು. ಒಂದೇ ಉತ್ತರ ಎದ್ದು ಕಂಡರೆ ಎಲ್ಲರೂ ಅದನ್ನೇ ಒತ್ತುತ್ತಾರೆ, ಯಾರೂ ಯೋಚಿಸುವುದಿಲ್ಲ. ಪ್ರತಿ ಆಯ್ಕೆಯ ಕೆಳಗೆ ಅದರಿಂದ ತರಗತಿಯಲ್ಲಿ ಏನಾಗಬಹುದೆಂದು ಬರೆಯುತ್ತೇನೆ. ಕಾರಣವನ್ನು ಒಂದು ನಿಮಿಷದ ಧ್ವನಿ ಸಂದೇಶದಲ್ಲಿ ಕೇಳುತ್ತೇನೆ. ಟೈಪ್ ಮಾಡಲು ಹೇಳಿದರೆ ಎರಡು ಪದಕ್ಕೆ ಮುಗಿಸಿಬಿಡುತ್ತಾರೆ.

ವಿಡಿಯೊವನ್ನು ಮುಂದಕ್ಕೆ ಓಡಿಸದಂತೆ ತಡೆಯುವ ಸೆಟ್ಟಿಂಗ್ ಅನ್ನು ನಾನು ಹಾಕುವುದಿಲ್ಲ. ನೆಟ್ ಕಡಿದು ವಿಡಿಯೊ ಮೊದಲಿನಿಂದ ಶುರುವಾದರೆ, ನಿಂತ ಜಾಗಕ್ಕೆ ಹೋಗಲಾಗದೆ ಬೇಸತ್ತು ಬಿಟ್ಟೇಬಿಡುತ್ತಾರೆ.

ಮರುಯೋಜನೆಯ 12 ನಿಮಿಷಕ್ಕೆ ಜಿಯೋಜಿಬ್ರಾ ಕ್ಲಾಸ್‌ರೂಮ್ ಎಂಬ ಗಣಿತದ ಆನ್‌ಲೈನ್ ಸಾಧನವನ್ನು ಬಳಸುತ್ತೇನೆ. ಕೋಡ್ ಕೊಟ್ಟರೆ ಪ್ರತಿಯೊಬ್ಬರೂ ಭಿನ್ನರಾಶಿಯ ಪಟ್ಟಿಯನ್ನು ಹೇಗೆ ಎಳೆಯುತ್ತಿದ್ದಾರೆಂದು ಆಗಲೇ ಕಾಣುತ್ತದೆ. ನೆಟ್ ಸಿಗದ ಶಾಲೆಗೆ ಫೆಟ್ (PhET) ಸಿಮ್ಯುಲೇಶನ್, ಅಂದರೆ ಗಣಿತ-ವಿಜ್ಞಾನವನ್ನು ಪರದೆಯ ಮೇಲೆ ಮಾಡಿ ನೋಡುವ ಮಾದರಿ, ಒಳ್ಳೆಯದು: ಎಚ್‌ಟಿಎಂಎಲ್5 ಫೈಲನ್ನು ಮೊದಲೇ ಇಳಿಸಿಕೊಂಡರೆ ಬ್ರೌಸರಿನಲ್ಲಿ ನೆಟ್ ಇಲ್ಲದೆಯೂ ತೆರೆಯುತ್ತದೆ.

ಮರುಬೋಧನೆಯ ವಿಡಿಯೊದಲ್ಲಿ ನಾನು ಮೊದಲು ನೋಡುವುದು ಪ್ರಶ್ನೆಯ ನಂತರದ ಮೌನವನ್ನು. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡೂ ಕಾಯುವುದಿಲ್ಲ, 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ದೀರ್ಘವಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಎರಡೂ ವಿಡಿಯೊಗಳಲ್ಲಿ ಪ್ರತಿ ಪ್ರಶ್ನೆಗೆ ಎಷ್ಟು ಸೆಕೆಂಡ್ ಕಾದರೆಂಬುದನ್ನು ಪ್ರಶಿಕ್ಷಣಾರ್ಥಿಗಳೇ ಅಳೆದು ಕೋಷ್ಟಕದಲ್ಲಿ ತುಂಬುತ್ತಾರೆ. ಮರುಹಿಮ್ಮಾಹಿತಿಯ ಮಾತು ಆ ಕೋಷ್ಟಕದಿಂದಲೇ ಶುರುವಾಗುತ್ತದೆ.